ಹೊಸ ಗಣಕಯಂತ್ರ, ಹಳೆಯ ಫಾರಂ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದೇ ದಿನ 2016 ಮತ್ತು 2019ರ ಆಫೀಸ್ ಆವೃತ್ತಿಗಳ ಅವಧಿಯೂ ಮುಗಿಯಿತು. ವಿಂಡೋಸ್ 11 ಅಳವಡಿಸಬೇಕಾದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಘಟಕವಿರಬೇಕು. ಇಂಟೆಲ್ ಪ್ರೊಸೆಸರ್ ಆದಲ್ಲಿ ಅದು ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದಕ್ಕೂ ಈಚಿನದೋ ಆಗಿರಬೇಕು. ಈ ಷರತ್ತುಗಳಿಂದಾಗಿ ಹತ್ತು ವರ್ಷ ದೂರಿಲ್ಲದೆ ದುಡಿದ ಯಂತ್ರಗಳನ್ನೂ ಬದಲಾಯಿಸುವುದು ಅನೇಕ ಕಚೇರಿಗಳಿಗೆ ಅನಿವಾರ್ಯವಾಯಿತು. ಇಂತಹ ಖರೀದಿಯ ಸಂದರ್ಭದಲ್ಲಿ ವರ್ತಕ ಬಾಂಧವರು ಲೆಕ್ಕಪರಿಶೋಧಕರಲ್ಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಸವಕಳಿ ಎಷ್ಟು ಸಿಗುತ್ತದೆ, ಜಿ.ಎಸ್.ಟಿ. ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆಯೇ. ನಮ್ಮ ಎಕ್ಸೆಲ್ ಫಾರಂ ಈ ಹೊಸ ಯಂತ್ರದಲ್ಲಿ ತೆರೆಯುತ್ತದೆಯೇ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಯಂತ್ರ ಬಂದು, ಹಳೆಯದು ಬದಲಿ ವ್ಯಾಪಾರದಲ್ಲಿ ಹೊರಟುಹೋದ ಮೇಲೆ ಆ ಪ್ರಶ್ನೆ ತಾನಾಗಿಯೇ ಎದುರಿಗೆ ಬಂದು ನಿಲ್ಲುತ್ತದೆ.

ಫಾರಂ ಎಂದರೆ ಏನೆಂಬುದನ್ನು ಮೊದಲು ಸ್ಪಷ್ಟಪಡಿಸುವುದು ಉಚಿತ. ಎಕ್ಸೆಲ್ ತಂತ್ರಾಂಶದಲ್ಲಿ ವಿ.ಬಿ.ಎ. ಎಂಬ ಆದೇಶಭಾಷೆ 1993ರಲ್ಲಿಯೇ ಸೇರಿತು. 1997ರ ಆವೃತ್ತಿಯಿಂದ ಯೂಸರ್ ಫಾರಂ ಎಂಬ ಸೌಲಭ್ಯ ಬಂದಿತು. ಗುಂಡಿಗಳು, ಖಾಲಿ ಮನೆಗಳು, ಆಯ್ಕೆಯ ಪಟ್ಟಿಗಳು ಇರುವ ಪುಟ್ಟ ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ ಗಿರಾಕಿಯ ಹೆಸರು, ಸರಕು, ತೂಕ, ದರ ತುಂಬಿ ಗುಂಡಿ ಒತ್ತಿದರೆ ಹಾಳೆಯಲ್ಲಿ ಸಾಲು ಸೇರುತ್ತದೆ, ಬಿಲ್ ಮುದ್ರಣವಾಗುತ್ತದೆ. ನಮ್ಮ ಭಾಗದ ಸಣ್ಣ ಉದ್ಯಮಗಳಲ್ಲಿ ಇಂತಹ ಫಾರಂಗಳು ಎಷ್ಟು ಆಳವಾಗಿ ಬೇರೂರಿವೆ ಎಂಬುದು ಹೊರಗಿನವರಿಗೆ ತಿಳಿಯದು. ಅಕ್ಕಿ ಗಿರಣಿಯ ಗೇಟ್ ಪಾಸ್, ಫೌಂಡ್ರಿಯ ಜಾಬ್‌ವರ್ಕ್ ಚಲನ್, ಕಾರ್ಮಿಕರ ವಾರದ ಸಂಬಳ, ಗೋದಾಮಿನ ದಾಸ್ತಾನು, ಟ್ಯಾಲಿಗೆ ಒಯ್ಯುವ ಮುನ್ನ ಒಟ್ಟುಗೂಡಿಸುವ ದಿನದ ವಹಿವಾಟು, ಇವೆಲ್ಲವೂ ಹಲವು ಕಡೆ ನಡೆಯುವುದು ಇಂತಹ ಫಾರಂಗಳ ಮೇಲೆಯೇ. ಇವುಗಳನ್ನು ಬರೆದವರು ಯಾವುದೋ ದೊಡ್ಡ ಸಂಸ್ಥೆಯವರಲ್ಲ. ಮಾಲೀಕರ ಸೋದರಳಿಯ, ಬಿ.ಕಾಂ. ಓದುತ್ತ ಅರೆಕಾಲಿಕವಾಗಿ ದುಡಿದ ಹುಡುಗ, ಕಂಪ್ಯೂಟರ್ ತರಬೇತಿ ಕೇಂದ್ರದ ಶಿಕ್ಷಕ, ಕೆಲವೊಮ್ಮೆ ಆಸಕ್ತಿಯಿಂದ ತಾವೇ ಕಲಿತ ಗುಮಾಸ್ತರು. ಬರೆದವರು ಈಗ ಬೆಂಗಳೂರಿನಲ್ಲಿಯೋ ದುಬೈಯಲ್ಲಿಯೋ ಇದ್ದಾರೆ. ಫಾರಂ ಮಾತ್ರ ಇಲ್ಲಿಯೇ ಉಳಿದಿದೆ.

ಹೊಸ ಯಂತ್ರದಲ್ಲಿ ಈ ಫಾರಂ ಕುಸಿದು ಬಿದ್ದಾಗ ಕಚೇರಿಯಲ್ಲಿ ಮೂರು ಅಭಿಪ್ರಾಯಗಳು ಹುಟ್ಟುತ್ತವೆ. ಯಂತ್ರ ಮಾರಿದವನು ಮೋಸ ಮಾಡಿದ ಎಂದು ಮಾಲೀಕರು, ಫಾರಂ ಕೆಟ್ಟಿದೆ ಎಂದು ಯಂತ್ರ ಮಾರಿದವರು, ಹಳೆಯದೇ ಚೆನ್ನಾಗಿತ್ತು ಎಂದು ಗುಮಾಸ್ತರು. ನನ್ನ ಅಭಿಪ್ರಾಯದಲ್ಲಿ ಈ ಮೂರೂ ಸರಿಯಲ್ಲ. ಯಂತ್ರವೂ ಸರಿಯಾಗಿಯೇ ಇದೆ, ಫಾರಂ ಸಹ ನಿನ್ನೆ ಇದ್ದಂತೆಯೇ ಇದೆ. ಆ ಫಾರಂ ತನ್ನ ಹೊರಗಿನ ಹತ್ತಾರು ಸಂಗತಿಗಳನ್ನು ಅವಲಂಬಿಸಿತ್ತು. ಆ ಅವಲಂಬನೆಗಳ ಲೆಕ್ಕವನ್ನು ನಾವು ಯಾವ ಪುಸ್ತಕದಲ್ಲಿಯೂ ಬರೆದಿಡಲಿಲ್ಲ. ದೋಷವಿರುವುದು ಇಲ್ಲಿ. ಹತ್ತು ಸಾವಿರ ರೂಪಾಯಿಯ ತಕ್ಕಡಿಗೆ ಆಸ್ತಿ ದಾಖಲೆಯಲ್ಲಿ ಒಂದು ಸಾಲು ಇರುತ್ತದೆ. ದಿನದ ವಹಿವಾಟನ್ನೆಲ್ಲ ಹೊತ್ತ ಫಾರಮ್ಮಿಗೆ ಎಲ್ಲಿಯೂ ಒಂದು ಸಾಲಿಲ್ಲ.

ಕುಸಿತದ ಕಾರಣಗಳಲ್ಲಿ ಮೊದಲನೆಯದಾಗಿ ನೋಡಬೇಕಾದದ್ದು 32-ಬಿಟ್ ಮತ್ತು 64-ಬಿಟ್ ಎಂಬ ಭೇದ. ಆಫೀಸ್ ತಂತ್ರಾಂಶವು 64-ಬಿಟ್ ರೂಪದಲ್ಲಿ ಮೊದಲು ಬಂದದ್ದು 2010ರಲ್ಲಿ. ಆದರೆ ಆಗ ಸಹಜವಾಗಿ ಅಳವಡಿಕೆಯಾಗುತ್ತಿದ್ದುದು 32-ಬಿಟ್ ರೂಪವೇ. 2019ರ ಆವೃತ್ತಿಯಿಂದ ಈ ಕ್ರಮ ತಲೆಕೆಳಗಾಯಿತು. ವಿಶೇಷವಾಗಿ ಕೇಳದಿದ್ದರೆ ಈಗ ಕೂರುವುದು 64-ಬಿಟ್ ರೂಪ. ಹಳೆಯ ಫಾರಂಗಳಲ್ಲಿ ವಿಂಡೋಸ್‌ನ ಒಳಗಿನ ಸೇವೆಗಳನ್ನು ನೇರವಾಗಿ ಕರೆಯುವ ಡಿಕ್ಲೇರ್ ಎಂಬ ಸಾಲುಗಳಿರುತ್ತವೆ. ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆಯನ್ನು ಅಡಗಿಸಲೋ, ಕ್ಷಣಕಾಲ ತಡೆಯಲೋ, ಯಾವ ಯಂತ್ರದಿಂದ ತೆರೆಯಲಾಗಿದೆ ಎಂದು ತಿಳಿಯಲೋ ಅವನ್ನು ಬರೆದಿರುತ್ತಾರೆ. 64-ಬಿಟ್ ಎಕ್ಸೆಲ್‌ನಲ್ಲಿ ಅಂತಹ ಸಾಲಿನಲ್ಲಿ ಪಿಟಿಆರ್‌ಸೇಫ್ ಎಂಬ ಪದವಿಲ್ಲದಿದ್ದರೆ ಇಡೀ ಫಾರಂ ಚಾಲನೆಗೇ ಬರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂತರ್ಜಾಲದಲ್ಲಿ ನೋಡಿ ಆ ಪದವೊಂದನ್ನು ಎಲ್ಲ ಕಡೆ ಸೇರಿಸಿ ಬಿಡುವವರಿದ್ದಾರೆ. ಪದ ಸೇರಿಸುವುದೆಂದರೆ ಈ ಸಾಲು ಸುರಕ್ಷಿತವೆಂದು ಬರೆದವನು ಘೋಷಿಸಿದಂತೆ. ಅದರಿಂದ ಸಾಲು ಸುರಕ್ಷಿತವಾಗುವುದಿಲ್ಲ. ಸ್ಮೃತಿಯ ವಿಳಾಸಗಳನ್ನು ಹಿಡಿಯುವ ಚರಾಂಶಗಳನ್ನು ಲಾಂಗ್ ಎಂಬುದರಿಂದ ಲಾಂಗ್‌ಪಿಟಿಆರ್ ಎಂಬುದಕ್ಕೆ ಬದಲಿಸದೆ ಹೋದರೆ ದೋಷದ ಸಂದೇಶ ಮಾಯವಾಗುತ್ತದೆ, ಆದರೆ ಎಕ್ಸೆಲ್ ನಡುನಡುವೆ ಸದ್ದಿಲ್ಲದೆ ಮುಚ್ಚಿಕೊಳ್ಳತೊಡಗುತ್ತದೆ. ಲೆಕ್ಕಪರಿಶೋಧನೆಯಲ್ಲಿ ಇದನ್ನು ಸಹಿ ಮಾಡಿದ ಖಾಲಿ ವೋಚರಿಗೆ ಹೋಲಿಸಬಹುದು.

ಎರಡನೆಯ ಕಾರಣ ಫಾರಮ್ಮಿನ ಮೇಲೆ ಕೂರಿಸಿದ ಬಿಡಿಭಾಗಗಳು. ದಿನಾಂಕ ಆರಿಸುವ ಪುಟ್ಟ ಕ್ಯಾಲೆಂಡರ್ ಎಲ್ಲರಿಗೂ ಪ್ರಿಯವಾಗಿತ್ತು. ಅದು ಎಕ್ಸೆಲ್‌ನ ಸ್ವಂತದ್ದಲ್ಲ, ಓಸಿಎಕ್ಸ್ ಎಂಬ ಪ್ರತ್ಯೇಕ ಕಡತ. ಹಳೆಯ ಕ್ಯಾಲೆಂಡರ್ ಭಾಗವನ್ನು 2010ರ ಆಫೀಸ್‌ನಿಂದಲೇ ಕೈಬಿಡಲಾಯಿತು. ಡೇಟ್ ಪಿಕ್ಕರ್ ಎಂಬ ಮತ್ತೊಂದು ಭಾಗದ 64-ಬಿಟ್ ರೂಪವನ್ನು ಮೈಕ್ರೋಸಾಫ್ಟ್ ಕೊಟ್ಟೇ ಇಲ್ಲ. 32-ಬಿಟ್ ಭಾಗವನ್ನು 64-ಬಿಟ್ ಎಕ್ಸೆಲ್ ಯಾವ ಉಪಾಯದಿಂದಲೂ ಸ್ವೀಕರಿಸುವುದಿಲ್ಲ. ಆದ್ದರಿಂದ ಪೆನ್‌ಡ್ರೈವ್‌ನಲ್ಲಿ ಆ ಕಡತವನ್ನು ತಂದು ಸಿಸ್ಟಮ್ ಫೋಲ್ಡರಿಗೆ ಹಾಕಿ ನೋಂದಾಯಿಸುವ ಸರ್ಕಸ್ಸಿನಲ್ಲಿ ಅರ್ಧ ದಿನ ಕಳೆಯುವುದು ವ್ಯರ್ಥ. ಯಾವುದೋ ಅಪರಿಚಿತ ತಾಣದಿಂದ ಇಳಿಸಿಕೊಂಡು ಹಾಕುವುದಂತೂ ಅಪಾಯಕರ. ಇದೇ ಗುಂಪಿಗೆ ಸೇರಿದ್ದು ಜೆಟ್ ಎಂಬ ದತ್ತಾಂಶ ಸಂಪರ್ಕ. ಹಳೆಯ ಆಕ್ಸೆಸ್ ಕಡತದಲ್ಲಿ ಗಿರಾಕಿಗಳ ಪಟ್ಟಿ ಇಟ್ಟು ಫಾರಂ ಮೂಲಕ ಓದುತ್ತಿದ್ದವರಿಗೆ ಇದರ ಪರಿಚಯವಿರುತ್ತದೆ. ಅದೂ 32-ಬಿಟ್‌ಗೆ ಮಾತ್ರ ಸೀಮಿತ. ಅದರ ಸ್ಥಾನದಲ್ಲಿ ಏಸ್ ಎಂಬ ಸಂಪರ್ಕವನ್ನು ಬಳಸಬೇಕು.

ಮೂರನೆಯದು ವಿಚಿತ್ರವಾಗಿ ಕಾಣುವ, ಆದರೆ ಬಗೆಹರಿಸಲು ಸುಲಭವಾದ ತೊಂದರೆ. ಎಡಗಡೆಯ ನಾಲ್ಕಕ್ಷರ ತೆಗೆ, ಇಂದಿನ ದಿನಾಂಕ ಕೊಡು ಎಂಬಂತಹ ಅತಿ ಸರಳ ಆದೇಶದಲ್ಲಿಯೇ ಫಾರಂ ನಿಂತು, ಗ್ರಂಥಾಲಯ ಸಿಗುತ್ತಿಲ್ಲ ಎಂಬರ್ಥದ ಸಂದೇಶ ಬರುತ್ತದೆ. ಆ ಸಾಲಿನಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಆಲ್ಟ್ ಮತ್ತು ಎಫ್11 ಒತ್ತಿ ಸಂಪಾದಕದ ಕಿಟಕಿ ತೆರೆದು, ಟೂಲ್ಸ್ ಪಟ್ಟಿಯ ರೆಫರೆನ್ಸಸ್ ಎಂಬಲ್ಲಿ ನೋಡಿದರೆ ಯಾವುದೋ ಒಂದು ಸಾಲಿನ ಮುಂದೆ ಮಿಸ್ಸಿಂಗ್ ಎಂದು ಬರೆದಿರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅದು ಯಾರೋ ಯಾವಾಗಲೋ ಗುರುತು ಹಾಕಿ ಮರೆತ, ಈಗ ಬಳಕೆಯೇ ಇಲ್ಲದ ಗ್ರಂಥಾಲಯ. ಗುರುತು ತೆಗೆದರೆ ಫಾರಂ ಓಡುತ್ತದೆ. ಆದರೆ ಕಚೇರಿಯ ಅರ್ಧ ಯಂತ್ರಗಳು ಹೊಸವು, ಅರ್ಧ ಹಳೆಯವು ಆಗಿರುವ ತಿಂಗಳುಗಳಲ್ಲಿ ಇದು ಮರುಕಳಿಸುತ್ತದೆ. ಹಂಚಿಕೆಯ ಫೋಲ್ಡರಿನಲ್ಲಿರುವ ಕಡತವನ್ನು ಹೊಸ ಆಫೀಸ್ ತೆರೆದು ಉಳಿಸಿದಾಗ ಆಫೀಸ್‌ಗೆ ಸಂಬಂಧಿಸಿದ ಗ್ರಂಥಾಲಯಗಳ ಆವೃತ್ತಿಯನ್ನು ತಾನಾಗಿಯೇ ಮೇಲಕ್ಕೇರಿಸುತ್ತದೆ. ಮರುದಿನ ಹಳೆಯ ಯಂತ್ರದವರು ತೆರೆದಾಗ ಅವರಲ್ಲಿ ಆ ಆವೃತ್ತಿ ಇರುವುದಿಲ್ಲ. ಮೇಲಕ್ಕೇರಿಸಿದ್ದನ್ನು ಹಳೆಯ ಆಫೀಸ್ ತಾನಾಗಿ ಕೆಳಗಿಳಿಸುವುದಿಲ್ಲ. ಹೀಗಾಗಿ ಹೊಸ ಯಂತ್ರ ಬಂದ ಮೇಲೆ ಹಳೆಯ ಯಂತ್ರದ ಫಾರಂ ಕೆಟ್ಟಿತು ಎಂಬ ದೂರು ಮೂಢನಂಬಿಕೆಯಲ್ಲ, ನಿಜ.

ಇನ್ನು ಭದ್ರತೆಯ ಹೆಸರಿನಲ್ಲಿ ಬರುವ ತಡೆಗಳು. 2022ರಲ್ಲಿ ಮೈಕ್ರೋಸಾಫ್ಟ್ ಅಂತರ್ಜಾಲದ ಮೂಲಕ ಬಂದ ಕಡತಗಳ ಮ್ಯಾಕ್ರೋಗಳನ್ನು ಸಹಜವಾಗಿಯೇ ತಡೆಹಿಡಿಯುವ ನಿಯಮ ತಂದಿತು. ಹಳೆಯ ಯಂತ್ರದಿಂದ ಫಾರಮ್ಮನ್ನು ಇಮೇಲ್ ಮೂಲಕ ಹೊಸ ಯಂತ್ರಕ್ಕೆ ಕಳುಹಿಸಿಕೊಂಡರೆ ವಿಂಡೋಸ್ ಅದರ ಮೇಲೆ ಹೊರಗಿನಿಂದ ಬಂದದ್ದೆಂಬ ಮುದ್ರೆ ಒತ್ತುತ್ತದೆ, ಫಾರಂ ತೆರೆಯುವುದಿಲ್ಲ. ಅದೇ ಕಡತವನ್ನು ಪೆನ್‌ಡ್ರೈವ್‌ನಲ್ಲಿ ತಂದರೆ ತೆರೆಯುತ್ತದೆ. ಒಂದೇ ಕಡತ ಒಂದು ಮೇಜಿನಲ್ಲಿ ಓಡಿ ಪಕ್ಕದ ಮೇಜಿನಲ್ಲಿ ಓಡದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. 2024ರ ಆಫೀಸ್ ಆವೃತ್ತಿಯಲ್ಲಿ ಹಾಳೆಯ ಮೇಲೆ ಕೂರಿಸಿದ ಆಕ್ಟಿವ್‌ಎಕ್ಸ್ ಗುಂಡಿಗಳನ್ನೂ ಸೂಚನೆಯಿಲ್ಲದೆ ನಿಷ್ಕ್ರಿಯಗೊಳಿಸುವ ಕ್ರಮ ಬಂದಿದೆ. 2025ರಲ್ಲಿ ಚಂದಾ ಆಧಾರಿತ ಮೈಕ್ರೋಸಾಫ್ಟ್ 365ಕ್ಕೂ ಅದು ವಿಸ್ತರಿಸಿತು. ಇಂತಹ ವೇಳೆ ತುರ್ತಿನಲ್ಲಿರುವ ಯಾರಾದರೂ ಮ್ಯಾಕ್ರೋ ಭದ್ರತೆಯನ್ನು ಪೂರ್ತಿ ತೆಗೆದುಹಾಕಿ, ಎಲ್ಲವನ್ನೂ ಅನುಮತಿಸು ಎಂಬ ಆಯ್ಕೆ ಮಾಡಿಬಿಡುತ್ತಾರೆ. ಇದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಬ್ಯಾಂಕಿನ ವ್ಯವಹಾರ ನಡೆಯುವ ಅದೇ ಯಂತ್ರದಲ್ಲಿ, ಯಾರೋ ಕಳುಹಿಸಿದ ಬಿಲ್ ಎಂಬ ಹೆಸರಿನ ಕಡತವೂ ಮರುದಿನ ತೆರೆಯಲ್ಪಡುತ್ತದೆ. ವಿಶ್ವಾಸಾರ್ಹ ಫಾರಂಗಳಿಗೆಂದೇ ಒಂದು ಫೋಲ್ಡರ್ ಮಾಡಿ, ಅದೊಂದನ್ನೇ ಟ್ರಸ್ಟೆಡ್ ಲೊಕೇಶನ್ ಎಂದು ದಾಖಲಿಸುವುದು ಐದು ನಿಮಿಷದ ಕೆಲಸ. ಅನುಮತಿಸುವ ಗುಂಡಿಯನ್ನು ಓದದೆ ಒತ್ತುವ ಅಭ್ಯಾಸ ನಮಗೆ ಬಂದದ್ದರಲ್ಲಿ ಇಲಾಖೆಗಳ ಪಾಲೂ ಇದೆ ಎಂಬುದನ್ನು ಹೇಳಲೇಬೇಕು. ಆದಾಯ ತೆರಿಗೆಯ ಎಕ್ಸೆಲ್ ಸಾಧನಗಳಾಗಲಿ, ಜಿ.ಎಸ್.ಟಿ. ವಾರ್ಷಿಕ ರಿಟರ್ನಿನ ಆಫ್‌ಲೈನ್ ಸಾಧನವಾಗಲಿ, ಮ್ಯಾಕ್ರೋ ಅನುಮತಿಸದೆ ಒಂದು ಹೆಜ್ಜೆಯೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಇವಲ್ಲದೆ ಬಹಳ ಸಾಮಾನ್ಯವಾದ, ನಗೆ ತರಿಸುವಂತಹ ಕಾರಣಗಳೂ ಇವೆ. ಹಳೆಯ ಯಂತ್ರಗಳಲ್ಲಿ ಡಿ ಡ್ರೈವ್ ಇರುತ್ತಿತ್ತು, ಫಾರಂ ತನ್ನ ಪ್ರತಿಗಳನ್ನು ಅಲ್ಲಿಯೇ ಇಡುತ್ತಿತ್ತು. ಹೊಸ ಲ್ಯಾಪ್‌ಟಾಪ್ ಅನೇಕ ವೇಳೆ ಸಿ ಡ್ರೈವ್ ಒಂದರೊಡನೆಯೇ ಬರುತ್ತದೆ. ಮುದ್ರಣಯಂತ್ರದ ಹೆಸರನ್ನು ಆದೇಶದೊಳಗೇ ಬರೆದಿದ್ದರೆ, ಹೊಸ ಯಂತ್ರದಲ್ಲಿ ಹೆಸರಿನ ಕೊನೆಯ ಒಂದು ಅಂಕಿ ಬದಲಾದರೂ ಬಿಲ್ ಮುದ್ರಣದ ವೇಳೆ ಫಾರಂ ನಿಲ್ಲುತ್ತದೆ. ಡೆಸ್ಕ್‌ಟಾಪ್ ಎಂಬುದು ನಮಗರಿವಿಲ್ಲದೆ ಒನ್‌ಡ್ರೈವ್‌ಗೆ ಸ್ಥಳಾಂತರಗೊಂಡು, ಕಡತದ ವಿಳಾಸ ಅಂತರ್ಜಾಲದ ವಿಳಾಸವಾಗಿಬಿಡುವುದೂ ಉಂಟು. ಕನ್ನಡದಲ್ಲಿ ಬಿಲ್ ಕೊಡುವವರಿಗೆ ಇನ್ನೊಂದು ಕಷ್ಟ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸದಲ್ಲಿ ಬರೆದ ಫಾರಮ್ಮನ್ನು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಸರಿಪಡಿಸುವ ಉತ್ಸಾಹದಲ್ಲಿ ವಿ.ಬಿ.ಎ. ಸಂಪಾದಕದೊಳಗೆ ಯೂನಿಕೋಡ್ ಕನ್ನಡವನ್ನು ನೇರವಾಗಿ ಬರೆದರೆ ಅದು ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾರ್ಪಡುತ್ತದೆ, ಏಕೆಂದರೆ ಆ ಸಂಪಾದಕ ಇಂದಿಗೂ ಯೂನಿಕೋಡನ್ನು ಅರಿಯದು. ಕನ್ನಡ ಪದಗಳನ್ನು ಹಾಳೆಯ ಮನೆಗಳಲ್ಲಿ ಯೂನಿಕೋಡ್‌ನಲ್ಲಿ ಬರೆದಿಟ್ಟು, ಫಾರಂ ಅಲ್ಲಿಂದ ಓದಿಕೊಳ್ಳುವಂತೆ ಮಾಡುವುದೇ ಸರಿಯಾದ ದಾರಿ.

ಇಷ್ಟರವರೆಗೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುವ ಕುಸಿತ. ಲೆಕ್ಕಪರಿಶೋಧಕನಾಗಿ ನಾನು ಹೆಚ್ಚು ಅಂಜುವುದು ಕುಸಿಯದ ಫಾರಮ್ಮಿಗೆ. ಹೊಸ ವಿಂಡೋಸ್ ಅಳವಡಿಸುವಾಗ ಪ್ರದೇಶದ ಆಯ್ಕೆಯನ್ನು ಅಮೆರಿಕ ಎಂದೇ ಬಿಟ್ಟಿದ್ದರೆ ಅಲ್ಲಿನ ಪದ್ಧತಿಯಂತೆ ತಿಂಗಳು ಮೊದಲು, ದಿನ ಆಮೇಲೆ. ಗುಮಾಸ್ತರು ಫಾರಂನಲ್ಲಿ 05/04/2025 ಎಂದು ಬರೆಯುತ್ತಾರೆ. ಏಪ್ರಿಲ್ 5ರ ಬಿಲ್ ಮೇ 4ರ ಸಾಲಿಗೆ ಹೋಗಿ ಕೂರುತ್ತದೆ. 25/04/2025 ಎಂದು ಬರೆದರೆ ಇಪ್ಪತ್ತೈದನೆಯ ತಿಂಗಳು ಇಲ್ಲವಾದ್ದರಿಂದ ಯಂತ್ರ ತಾನೇ ಅರ್ಥಮಾಡಿಕೊಂಡು ಏಪ್ರಿಲ್ 25 ಎಂದೇ ಬರೆದುಕೊಳ್ಳುತ್ತದೆ. ಅಂದರೆ ಪ್ರತಿ ತಿಂಗಳ 13ನೆಯ ತಾರೀಖಿನಿಂದ ಎಲ್ಲವೂ ಸರಿ, ಮೊದಲ ಹನ್ನೆರಡು ದಿನಗಳಲ್ಲಿ ಒಂದನ್ನು ಬಿಟ್ಟು ಉಳಿದುವೆಲ್ಲ ತಪ್ಪು. ಎಲ್ಲವೂ ತಪ್ಪಾಗಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಅರ್ಧ ಸರಿಯಿರುವ ಕಾರಣ ಇದು ತಿಂಗಳುಗಟ್ಟಲೆ ಅಡಗಿರುತ್ತದೆ. ಮಾಸಿಕ ರಿಟರ್ನ್ ಸಲ್ಲಿಸುವವರ ಜಿ.ಎಸ್.ಟಿ.ಆರ್.-1 ಮುಂದಿನ ತಿಂಗಳ 11ರೊಳಗೆ ಹೋಗಬೇಕು; ತಿಂಗಳು ತಪ್ಪಿದ ಬಿಲ್ ಅದರಲ್ಲಿ ಇರುವುದಿಲ್ಲ, ಕೊಂಡವರಿಗೆ ಸಕಾಲದಲ್ಲಿ ಜಮೆ ದೊರೆಯುವುದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೆಯ ಕಲಮಿನಂತೆ ಸಣ್ಣ ಪೂರೈಕೆದಾರರಿಗೆ ಹಣ ಪಾವತಿಸಲು ಇರುವ ಗರಿಷ್ಠ ಅವಧಿ 45 ದಿನ. ದಿನಾಂಕವೇ ಬದಲಾದ ಮೇಲೆ ಆ ಎಣಿಕೆಗೆ ಅರ್ಥವೇನು? ಆದುದರಿಂದ ಹೊಸ ಯಂತ್ರ ಬಂದ ದಿನ ಮೊದಲು ಮಾಡಬೇಕಾದ ಕೆಲಸ, ಕಂಟ್ರೋಲ್ ಪ್ಯಾನಲ್‌ನ ರೀಜನ್ ಎಂಬಲ್ಲಿ ಇಂಗ್ಲಿಷ್ ಇಂಡಿಯಾ ಎಂದು ಇದೆಯೇ ಎಂಬುದನ್ನು ನೋಡುವುದು.

ಕಡತದ ಸ್ವರೂಪದ ವಿಷಯದಲ್ಲಿಯೂ ಇಂತಹದೇ ಮೌನ ಹಾನಿಯುಂಟು. ಹಳೆಯ ಎಕ್ಸ್‌ಎಲ್‌ಎಸ್ ಹಾಳೆಯಲ್ಲಿ 65,536 ಸಾಲುಗಳು ಮಾತ್ರ. 2007ರಿಂದ ಬಂದ ಹೊಸ ಸ್ವರೂಪದಲ್ಲಿ 10,48,576. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು 2020ರಲ್ಲಿ ಹಳೆಯ ಸ್ವರೂಪದ ಈ ಮಿತಿಯಿಂದಾಗಿ 15,841 ಕೋವಿಡ್ ಪ್ರಕರಣಗಳನ್ನು ಆಯಾ ದಿನದ ಲೆಕ್ಕದಿಂದ ಬಿಟ್ಟುಬಿಟ್ಟಿತ್ತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ ನಮ್ಮ ದಾಸ್ತಾನು ಪುಸ್ತಕದ ಮಾತೇನು.

ಹಾವೇರಿ ಜಿಲ್ಲೆಯ ಒಂದು ದಲಾಲಿ ಅಂಗಡಿಯ ಪ್ರಸಂಗ ನನ್ನ ಗಮನಕ್ಕೆ ಬಂದಿದೆ. ಲಾಟ್ ಸಂಖ್ಯೆ, ಚೀಲಗಳ ಎಣಿಕೆ, ತೂಕ, ಧಾರಣೆ ತುಂಬಿದರೆ ರೈತರ ಪಟ್ಟಿ ಮುದ್ರಣವಾಗುವ ಫಾರಂ ಅಲ್ಲಿ ಅನೇಕ ವರ್ಷಗಳಿಂದ ನಡೆಯುತ್ತಿತ್ತು. ಹಂಗಾಮಿನ ನಡುವೆ ಯಂತ್ರ ಬದಲಾಯಿತು. ಟೆಂಡರ್ ದಿನ ಮಧ್ಯಾಹ್ನ, ಧಾರಣೆ ಪ್ರಕಟವಾದ ಮೇಲೆ ಫಾರಂ ತೆರೆದರೆ ಕಿಟಕಿ ಒಂದು ಕ್ಷಣ ಮಿಂಚಿ ಎಕ್ಸೆಲ್ ಸಮೇತ ಮಾಯವಾಗುತ್ತಿತ್ತು. ರೈತರು ಅಂಗಡಿಯ ಕಟ್ಟೆಯ ಮೇಲೆ ಕತ್ತಲಾಗುವವರೆಗೆ ಕುಳಿತರು. ಪಟ್ಟಿಗಳನ್ನೆಲ್ಲ ಕಾರ್ಬನ್ ಹಾಳೆ ಇಟ್ಟು ಕೈಯಲ್ಲಿ ಬರೆದುಕೊಟ್ಟವರು ಅರವತ್ತು ದಾಟಿದ ಗುಮಾಸ್ತರು. ಮಾಲೀಕರು ಎಲ್ಲರೆದುರು ಹೇಳಿದ ಮಾತು, ಇವರಿಗೆ ಹೊಸ ಯಂತ್ರ ಬಳಸಲು ಬರುವುದಿಲ್ಲ ಎಂದು. ಫಾರಂನಲ್ಲಿದ್ದದ್ದು ಆ ಹಳೆಯ ದಿನಾಂಕದ ಬಿಡಿಭಾಗ. ಅದನ್ನು ತೆಗೆದು, ದಿನ, ತಿಂಗಳು, ವರ್ಷಕ್ಕೆ ಮೂರು ಸಾದಾ ಆಯ್ಕೆ ಪಟ್ಟಿಗಳನ್ನಿಟ್ಟ ಮೇಲೆ ಅದೇ ಗುಮಾಸ್ತರು ಅದೇ ಯಂತ್ರದಲ್ಲಿ ಕೆಲಸ ಮುಂದುವರಿಸಿದರು. ಯಂತ್ರದ ಖರೀದಿಗೆ ಮುನ್ನ ಅವರನ್ನು ಒಂದು ಮಾತು ಕೇಳಿದ್ದರೆ ಫಾರಂ ಒಂದಿದೆ ಎಂಬುದಾದರೂ ತಿಳಿಯುತ್ತಿತ್ತು. ನಮ್ಮಲ್ಲಿ ಯಂತ್ರದ ನಿರ್ಧಾರ ಮಾಲೀಕರು ಮತ್ತು ಮಾರಾಟಗಾರರ ನಡುವೆ ಮುಗಿದುಹೋಗುತ್ತದೆ; ಫಲ ಉಣ್ಣುವವರು ಮೂರನೆಯವರು.

ಹಾಗಾದರೆ ಕುಸಿದಾಗ ಏನು ಮಾಡಬೇಕು? ಮೊದಲನೆಯದಾಗಿ, ಮೂಲ ಕಡತವನ್ನು ಮುಟ್ಟದೆ ಅದರ ಪ್ರತಿಯೊಂದನ್ನು ಮಾಡಿಕೊಂಡು ಪ್ರತಿಯ ಮೇಲೆ ಮಾತ್ರ ಪರೀಕ್ಷೆ ನಡೆಸಬೇಕು. ಎಕ್ಸೆಲ್ ತೆರೆದು, ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಕಡತವನ್ನು ತೆರೆದರೆ, ತೆರೆದೊಡನೆ ತಾನಾಗಿ ಓಡುವ ಆದೇಶಗಳು ಓಡುವುದಿಲ್ಲ. ಆಗ ಒಳಗಿನದನ್ನು ನಿಧಾನವಾಗಿ ನೋಡಬಹುದು. ಫೈಲ್ ಪಟ್ಟಿಯ ಅಕೌಂಟ್ ಎಂಬಲ್ಲಿ ಅಬೌಟ್ ಎಕ್ಸೆಲ್ ಒತ್ತಿದರೆ 32-ಬಿಟ್ಟೋ 64-ಬಿಟ್ಟೋ ತಿಳಿಯುತ್ತದೆ. ಆಮೇಲೆ ರೆಫರೆನ್ಸಸ್, ಅನಂತರ ಡೀಬಗ್ ಪಟ್ಟಿಯ ಕಂಪೈಲ್ ಎಂಬ ಆದೇಶ. ಇದು ಇಡೀ ಫಾರಮ್ಮನ್ನು ಓಡಿಸದೆಯೇ ಓದಿ ತಡೆಯುಂಟಾದ ಸಾಲನ್ನು ತೋರಿಸುತ್ತದೆ. ಎಲ್ಲವೂ ಸರಿಯಿದ್ದೂ ಕುಸಿಯುತ್ತಿದ್ದರೆ ಫಾರಮ್ಮನ್ನು ಹೊರತೆಗೆದು ಹೊಸ ಖಾಲಿ ಕಡತಕ್ಕೆ ಸೇರಿಸಿ ನೋಡಬೇಕು. ವರ್ಷಗಟ್ಟಲೆ ತಿದ್ದಿ ತಿದ್ದಿ ಒಳಗೊಳಗೇ ಹದಗೆಟ್ಟ ಕಡತಗಳು ಇದರಿಂದ ಚೇತರಿಸಿಕೊಳ್ಳುವುದುಂಟು. 2014ರ ಡಿಸೆಂಬರ್‌ನಲ್ಲಿ ಒಂದು ಭದ್ರತಾ ತಿದ್ದುಪಡಿ ಬಂದು ದೇಶವಿದೇಶಗಳಲ್ಲಿ ಎಕ್ಸೆಲ್ ಹಾಳೆಗಳ ಗುಂಡಿಗಳು ಒಮ್ಮೆಲೇ ನಿಂತುಹೋದದ್ದನ್ನು ಹಲವರು ಮರೆತಿರಲಾರರು. ಆಗ ತಾತ್ಕಾಲಿಕ ಫೋಲ್ಡರಿನಲ್ಲಿದ್ದ ಇಎಕ್ಸ್‌ಡಿ ಎಂಬ ಕಡತಗಳನ್ನು ಅಳಿಸಿದರೆ ಸಾಕಾಗಿತ್ತು. ಇಂದಿಗೂ ಗುಂಡಿ ಒತ್ತಿದರೆ ಏನೂ ಆಗದಿದ್ದಾಗ ಅದನ್ನೊಮ್ಮೆ ಮಾಡಿ ನೋಡಬಹುದು, ನಷ್ಟವಿಲ್ಲ.

ಕಾರಣ 64-ಬಿಟ್ ಎಂದು ಖಚಿತವಾದರೆ ಆಫೀಸನ್ನು ತೆಗೆದು ಅದೇ ಪರವಾನಗಿಯ ಮೇಲೆ 32-ಬಿಟ್ ರೂಪವನ್ನು ಹಾಕಿಸಬಹುದು. ಹೆಚ್ಚಿನ ಹಣ ತೆರಬೇಕಾಗಿಲ್ಲ, ವಿಂಡೋಸ್ 11ರ ಮೇಲೆ ಅದು ಓಡುತ್ತದೆ, ನಮ್ಮ ಗಾತ್ರದ ಲೆಕ್ಕಗಳಿಗೆ ಸಾಮಾನ್ಯವಾಗಿ ಸಾಕು. ಎರಡನ್ನೂ ಒಂದೇ ಯಂತ್ರದಲ್ಲಿ ಇಡಲಾಗದು ಎಂಬುದಷ್ಟೇ ತೊಡಕು. ಇದರ ಬಗ್ಗೆ ತಂತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಹಿಂದಕ್ಕೆ ಹೋಗುವುದೇ ತಪ್ಪು ಎನ್ನುವವರಿದ್ದಾರೆ. ರಿಟರ್ನಿನ ಗಡುವು ಮೂರು ದಿನ ಇರುವಾಗ ಹಾಗೆ ಹೇಳುವುದು ಸುಲಭವಲ್ಲ. ನನ್ನ ಮಟ್ಟಿಗೆ 32-ಬಿಟ್ ಎಂಬುದು ಬ್ಯಾಂಕಿನ ಅಲ್ಪಾವಧಿ ಸಾಲದಂತೆ: ತೆಗೆದುಕೊಳ್ಳಬಹುದು, ಆದರೆ ತೀರಿಸುವ ದಿನಾಂಕವನ್ನು ಅಂದೇ ಬರೆದಿಡಬೇಕು. ಒಂದು ಆರ್ಥಿಕ ವರ್ಷದೊಳಗೆ ಫಾರಮ್ಮನ್ನು ಸರಿಯಾಗಿ ತಿದ್ದಿಸುವುದು ಸಾಧ್ಯವಾಗಲೇಬೇಕು.

ಹಳೆಯ ಯಂತ್ರವನ್ನು ಬದಲಿ ವ್ಯಾಪಾರದಲ್ಲಿ ಕೊಟ್ಟುಬಿಡುವ ಆತುರವೂ ಬೇಡ. ಮಾರಾಟಗಾರರು ಅದಕ್ಕೆ ಕಟ್ಟುವ ಬೆಲೆ ಹೆಚ್ಚೇನೂ ಇರುವುದಿಲ್ಲ, ಅದರೊಳಗಿರುವ ಚಾಲನೆಯ ಸ್ಥಿತಿಯ ಫಾರಮ್ಮಿಗೆ ಬೆಲೆ ಕಟ್ಟಲಾಗದು. ಅಂತರ್ಜಾಲದ ತಂತಿ ಕಳಚಿ, ಒಂದು ವಾರ್ಷಿಕ ರಿಟರ್ನ್ ಮುಗಿಯುವವರೆಗಾದರೂ ಅದನ್ನು ಮೂಲೆಯಲ್ಲಿಡಿ. ದಾಖಲೆಗಳ ಸಂರಕ್ಷಣೆಯ ಬಾಧ್ಯತೆಯನ್ನೂ ಇಲ್ಲಿ ನೆನೆಯಬೇಕು. 2013ರ ಕಂಪನಿಗಳ ಕಾಯಿದೆಯ 128ನೆಯ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಕನಿಷ್ಠ ಎಂಟು ಆರ್ಥಿಕ ವರ್ಷ ಕಾಪಾಡಬೇಕು. ಕೇಂದ್ರ ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮಿನಂತೆ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು. ಕಾಪಾಡುವುದೆಂದರೆ ತೆರೆದು ಓದಲು ಬರುವಂತೆ ಕಾಪಾಡುವುದು. ಫಾರಂ ತೆರೆಯದಿದ್ದರೂ ದತ್ತಾಂಶ ಹಾಳೆಗಳು ಮ್ಯಾಕ್ರೋ ಇಲ್ಲದ ಸ್ವರೂಪದಲ್ಲಿ ಪ್ರತ್ಯೇಕವಾಗಿ ಉಳಿದಿರುವಂತೆ ನೋಡಿಕೊಳ್ಳಬೇಕು.

ಕಂಪನಿಗಳಾಗಿ ನೋಂದಾಯಿತವಾದ ಸದಸ್ಯರಿಗೆ ಇನ್ನೊಂದು ಮಾತು. 2023ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕ ಇಡಲು ಬಳಸುವ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯುವ, ಅದನ್ನು ನಿಲ್ಲಿಸಲಾಗದ ವ್ಯವಸ್ಥೆ ಇರಬೇಕೆಂಬುದು ನಿಯಮ. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಅದರ ಬಗ್ಗೆ ಹೇಳಲೇಬೇಕು. ಮನೆಯಲ್ಲಿ ಮಾಡಿದ ಎಕ್ಸೆಲ್ ಫಾರಂ ಈ ಷರತ್ತನ್ನು ಪೂರೈಸುವುದು ಕಷ್ಟಸಾಧ್ಯ. ಗೇಟ್ ಪಾಸ್, ತೂಕ, ಹಾಜರಿ ಇಂತಹವುಗಳಿಗೆ ಫಾರಂ ಇರಲಿ. ಲೆಕ್ಕಪುಸ್ತಕವೇ ಅದರಲ್ಲಿರುವುದಾದರೆ ಅದನ್ನು ಹೊಸ ಯಂತ್ರಕ್ಕೆ ಒಗ್ಗಿಸಲು ಹಣ ಸುರಿಯುವ ಬದಲು ಅಲ್ಲಿಂದ ಹೊರಬರುವುದು ಒಳಿತು.

ಪ್ರತಿಯೊಬ್ಬ ಸದಸ್ಯರೂ ತಮ್ಮ ಕಚೇರಿಯಲ್ಲಿ ಯಾವ ಯಾವ ಫಾರಂಗಳಿವೆ, ಯಾರು ಬರೆದರು, ಯಾವ ಬಿಡಿಭಾಗ ಬೇಕು, ಆದೇಶಗಳಿಗೆ ಹಾಕಿದ ಗುಪ್ತಪದ ಯಾವುದು ಎಂಬುದನ್ನು ಒಂದು ಪುಟದಲ್ಲಿ ಬರೆಯಿಸಿಡಬೇಕೆಂದು ಕೋರುತ್ತೇನೆ. ಗುಪ್ತಪದ ಬರೆದವರೊಂದಿಗೇ ಊರು ಬಿಟ್ಟುಹೋದ ನಿದರ್ಶನಗಳು ಕಡಿಮೆಯಿಲ್ಲ. ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆಯನ್ನೂ ಇಡಬಯಸುತ್ತೇನೆ. ತಿಂಗಳ 20ನೆಯ ತಾರೀಖಿನಂದು ಜಿ.ಎಸ್.ಟಿ.ಆರ್.-3ಬಿ ಗಡುವು ಮುಗಿದ ಮೇಲಿನ ಒಂದು ಶನಿವಾರ, ಸಂಸ್ಥೆಯ ಸಭಾಂಗಣದಲ್ಲಿ ಎಕ್ಸೆಲ್ ಫಾರಂಗಳ ತಪಾಸಣೆಯ ಶಿಬಿರವೊಂದನ್ನು ಏರ್ಪಡಿಸಬಹುದು. ಸ್ಥಳೀಯ ವಾಣಿಜ್ಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿ.ಬಿ.ಎ. ಬಲ್ಲ ವಿದ್ಯಾರ್ಥಿಗಳಿರುತ್ತಾರೆ, ಅವರಿಗೆ ಗೌರವಧನ ಕೊಟ್ಟು ಕರೆಸಬಹುದು. ಸದಸ್ಯರು ಗಿರಾಕಿಗಳ ಹೆಸರು ಮತ್ತು ಮೊತ್ತಗಳನ್ನು ಅಳಿಸಿದ ಖಾಲಿ ಫಾರಂ ಪ್ರತಿಯನ್ನು ಮಾತ್ರ ತರಬೇಕು. ಜೊತೆಯಲ್ಲಿ ಆ ಫಾರಂ ಮೇಲೆ ದಿನವೂ ಕೆಲಸ ಮಾಡುವ ಗುಮಾಸ್ತರನ್ನು ತಪ್ಪದೆ ಕರೆತರಬೇಕು. ಮಾಲೀಕರು ಬಾರದಿದ್ದರೂ ನಡೆದೀತು.